ಎದೆಗೆ ಬಿದ್ದ ಮೂಕಪೆಟ್ಟು, ಆಮೇಲೆ ಬಂದ ಜ್ವರ



ಹಿಂದಿನ ಒಕ್ಕೂಟದ ಸಭೆಯಲ್ಲಿ ಸಾಲ ಮರುಪಾವತಿ ಲೆಕ್ಕವೆಲ್ಲ ಮುಗಿದ ಮೇಲೆ ಒಬ್ಬ ಸದಸ್ಯೆ ಎದ್ದು ನಿಂತು ಕೇಳಿದರು: "ಚರ್ಮ ಹರಿದಿಲ್ಲ, ಒಂದು ತೊಟ್ಟು ರಕ್ತ ಬಂದಿಲ್ಲ. ಹಾಗಿದ್ದ ಮೇಲೆ ಒಳಗೆ ಕೀವು ಹ್ಯಾಗೆ ಆಗ್ತದೆ ಸಿಸ್ಟರ್? ಆ ಹುಡುಗಿಗೆ ಯಾರೋ ಏನೋ ಮಾಡಿಸಿದ್ದಾರೆ ಅಂತ ನಮ್ಮೂರಲ್ಲಿ ಈಗಲೂ ಹೇಳ್ತಾರೆ." ಒಳ್ಳೆಯ ಪ್ರಶ್ನೆ. ಅವತ್ತು ಬಸ್ಸಿನ ಹೊತ್ತಾಗಿತ್ತು, ಅರ್ಧಂಬರ್ಧ ಉತ್ತರ ಕೊಟ್ಟು ಬಂದೆವು. ಇಲ್ಲಿ ಪೂರ್ತಿ ಉತ್ತರ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ಆ ಹುಡುಗಿ ಯಾರೆಂದು ಕೆಲವರಿಗೆ ಗೊತ್ತು. ಹೆಸರು ಬೇಡ. ನಮ್ಮ ಒಂದು ಸಂಘದ ಸದಸ್ಯೆಯ ಮಗಳು. ಆಗ ಒಂಬತ್ತನೇ ತರಗತಿ. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಕಬಡ್ಡಿ ರೈಡ್‌ಗೆ ಹೋದಾಗ ಎದುರಿನ ತಂಡದ ಹುಡುಗಿಯ ಮೊಣಕಾಲು ಇವಳ ಬಲಗಡೆ ಎದೆಯ ಮೇಲ್ಭಾಗಕ್ಕೆ, ಕಾಲರ್ ಬೋನ್ ಅನ್ನುತ್ತೇವಲ್ಲ, ಆ ಮೂಳೆಯ ಕೆಳಗೆ ಜೋರಾಗಿ ಬಡಿಯಿತು. ಒಂದು ನಿಮಿಷ ಉಸಿರು ಕಟ್ಟಿದ ಹಾಗಾಯಿತಂತೆ. ನೀರು ಕುಡಿದು ಮತ್ತೆ ಆಡಿದಳು. ತಂಡ ಗೆದ್ದಿತು.

ಮನೆಗೆ ಬಂದ ಮೇಲೆ ಅಜ್ಜಿ ಮೂರು ರಾತ್ರಿ ಎಣ್ಣೆ ಬಿಸಿ ಮಾಡಿ ತಿಕ್ಕಿದರು, ಉಪ್ಪಿನ ಗಂಟಿನ ಶಾಖ ಕೊಟ್ಟರು. ನಾಲ್ಕನೇ ದಿನ ನೋವು ಸ್ವಲ್ಪ ಕಡಿಮೆ ಅನ್ನಿಸಿತು, ಶಾಲೆಗೆ ಹೋದಳು. ಆರನೇ ದಿನ ನೋವು ತಿರುಗಿ ಬಂತು. ಜಡೆ ಹಾಕಿಕೊಳ್ಳಲು ಕೈ ಎತ್ತಲಾಗಲಿಲ್ಲ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದರು. ಎಂಟನೇ ದಿನ ಸಂಜೆ ಚಳಿ ಬಿಟ್ಟು ಜ್ವರ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದರು. ಅಲ್ಲಿ ಜ್ವರ ಅಂದರು, ಇಂಜೆಕ್ಷನ್ ಹಾಕಿ ಮೂರು ದಿನದ ಮಾತ್ರೆ ಕೊಟ್ಟರು. ಪೆಟ್ಟಿನ ಮಾತು ಅವರು ಕೇಳಲೂ ಇಲ್ಲ, ಇವರು ಹೇಳಲೂ ಇಲ್ಲ. ಎರಡು ದಿನ ಜ್ವರ ಇಳಿಯಿತು. ಹನ್ನೆರಡನೇ ದಿನ ಮತ್ತೆ ಏರಿತು. ಅವತ್ತು ಸ್ನಾನಕ್ಕೆ ಸಹಾಯ ಮಾಡಲು ಹೋದ ತಾಯಿ ಮೊದಲ ಸಲ ನೋಡಿದರು: ಬಲಗಡೆ ಎದೆಯ ಮೇಲೆ ಅಂಗೈ ಅಗಲ ಬಾವು, ಮುಟ್ಟಿದರೆ ಹಲಗೆಯ ಹಾಗೆ ಗಟ್ಟಿ, ಸುಡುವಷ್ಟು ಬಿಸಿ.

ಮರುದಿನ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಅದೇ ದಿನ ಜಿಲ್ಲಾ ಆಸ್ಪತ್ರೆ. ಅಲ್ಲಿನ ವೈದ್ಯರು ಮೊದಲು ಕೇಳಿದ್ದು ಎರಡೇ ಮಾತು. "ಎಲ್ಲಾದರೂ ಪೆಟ್ಟು ಬಿದ್ದಿತ್ತಾ?" "ಮೈಮೇಲೆ ಎಲ್ಲಾದರೂ ಕುರು, ಕಜ್ಜಿ ಇದೆಯಾ?" ಎರಡೂ ಇತ್ತು. ಮೊಣಕಾಲ ಹತ್ತಿರ ಒಂದು ಕುರು ಕ್ರೀಡಾಕೂಟಕ್ಕೆ ವಾರ ಮುಂಚೆಯೇ ಎದ್ದಿತ್ತು, ಅದನ್ನು ಅವಳೇ ಹಿಸುಕಿಕೊಂಡಿದ್ದಳು. ಸ್ಕ್ಯಾನ್ ಮಾಡಿದಾಗ ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಕೀವು ತುಂಬಿಕೊಂಡು, ಕಾಲರ್ ಬೋನ್ ಬಂದು ಎದೆಮೂಳೆಗೆ ಸೇರುವ ಕೀಲಿನವರೆಗೂ ಹೋಗಿತ್ತು.

ಕುರುವಿಗೂ ಎದೆಗೂ ಏನು ಸಂಬಂಧ?

ಒಕ್ಕೂಟದಲ್ಲಿ ಬಂದ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಚರ್ಮ ಹರಿಯದೆ ಒಳಗೆ ಮಾತ್ರ ಜಜ್ಜಿಹೋಗುವ ಪೆಟ್ಟಿಗೆ ನಮ್ಮ ಹಿರಿಯರು ಮೂಕಪೆಟ್ಟು ಅಂತ ಹೆಸರಿಟ್ಟಿದ್ದಾರೆ. ಬಹಳ ಸರಿಯಾದ ಹೆಸರು. ಹೊರಗೆ ಏನೂ ಹೇಳುವುದಿಲ್ಲ, ಒಳಗೆ ಮಾತ್ರ ಸಣ್ಣ ಸಣ್ಣ ರಕ್ತನಾಳಗಳು ಒಡೆದು ಸ್ನಾಯುವಿನ ನಡುವೆ ರಕ್ತ ನಿಲ್ಲುತ್ತದೆ. ನಿಂತ ರಕ್ತದಲ್ಲಿ ಕ್ರಿಮಿ ಬೆಳೆಯಲು ಬೇಕಾದದ್ದೆಲ್ಲ ಇದೆ. ಕ್ರಿಮಿಯ ವಿರುದ್ಧ ಹೋರಾಡುವ ರಕ್ತಕಣಗಳು ಮಾತ್ರ ಆ ಜಜ್ಜಿದ ಜಾಗಕ್ಕೆ ಸಲೀಸಾಗಿ ತಲುಪುವುದಿಲ್ಲ.

ಕ್ರಿಮಿ ಎಲ್ಲಿಂದ ಬಂತು ಅಂದರೆ, ಬಹಳ ಸಲ ನಮ್ಮ ಮೈಯಿಂದಲೇ. ಇಂಥ ಕೀವಿನಲ್ಲಿ ಹೆಚ್ಚಾಗಿ ಸಿಗುವ ಕ್ರಿಮಿಯ ಹೆಸರು ಸ್ಟೆಫೈಲೋಕಾಕಸ್ ಆರಿಯಸ್. ಹೆಸರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತದೆ ಅಂತ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ದಶಕದಲ್ಲಿ ಈ ಹೆಸರು ಕೊಟ್ಟರು. ಆರೋಗ್ಯವಾಗಿರುವ ಹತ್ತು ಜನರಲ್ಲಿ ಸುಮಾರು ಮೂವರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಮಾಡದೆ ವಾಸವಾಗಿರುತ್ತದೆ. ಕುರು, ಸೋಂಕಾದ ಕಜ್ಜಿ, ಕೆರೆದು ಹುಣ್ಣಾದ ಸೊಳ್ಳೆ ಕಡಿತ, ಇಂಥ ಕಡೆಯಿಂದ ಕೆಲವು ಕ್ರಿಮಿಗಳು ಆಗಾಗ ರಕ್ತಕ್ಕೆ ಸೇರುತ್ತವೆ. ಸಾಮಾನ್ಯವಾಗಿ ನಮ್ಮ ಮೈ ಅವನ್ನು ಅಲ್ಲಲ್ಲೇ ಕೊಂದುಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಅದೇ ಹೊತ್ತಿಗೆ ಎಲ್ಲೋ ಒಂದು ಕಡೆ ಸ್ನಾಯು ಜಜ್ಜಿ ರಕ್ತ ನಿಂತಿದ್ದರೆ ಅವು ಅಲ್ಲಿ ಇಳಿದು ಬೇರೂರುತ್ತವೆ.

ಇದು ಊಹೆಯ ಮಾತಲ್ಲ. ಸ್ನಾಯುವಿನೊಳಗೆ ಕೀವಾಗುವ ಈ ಕಾಯಿಲೆಯನ್ನು 1885ರಲ್ಲಿ ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಸ್ಕ್ರೀಬಾ ಎಂಬ ಜರ್ಮನ್ ವೈದ್ಯರು ಬರೆದಿಟ್ಟರು. 1904ರಲ್ಲಿ ಮಿಯಾಕೆ ಎಂಬ ಜಪಾನಿ ವೈದ್ಯರು ಮೊಲಗಳ ಮೇಲೆ ಪರೀಕ್ಷೆ ಮಾಡಿದರು. ರಕ್ತಕ್ಕೆ ಬರೀ ಈ ಕ್ರಿಮಿಯನ್ನು ಬಿಟ್ಟರೆ ಮೊಲದ ಸ್ನಾಯುವಿನಲ್ಲಿ ಕೀವಾಗಲಿಲ್ಲ. ಮೊದಲು ಸ್ನಾಯುವಿಗೆ ಪೆಟ್ಟು ಮಾಡಿ ಆಮೇಲೆ ಕ್ರಿಮಿ ಬಿಟ್ಟಾಗ ಕೀವಾಯಿತು. ಅಂದರೆ ಕುರು ಒಂದೇ ಸಾಲದು, ಪೆಟ್ಟು ಒಂದೇ ಸಾಲದು, ಎರಡೂ ಒಟ್ಟಾಗಬೇಕು. ಮಾಟ ಮಾಡಿಸಿದ್ದಾರೆ ಅಂತ ಹೇಳುವವರಿಗೆ ಈ ಮೊಲಗಳ ಕತೆ ಹೇಳಿ.

ನಮ್ಮಂಥ ಸೆಕೆಯ ನಾಡುಗಳಲ್ಲಿ ಈ ಸ್ನಾಯು ಕೀವು ಹೆಚ್ಚಾಗಿ ಕಾಣುವುದರಿಂದ ವೈದ್ಯರು ಇದನ್ನು ಉಷ್ಣವಲಯದ ಕಾಯಿಲೆ ಅಂತಲೇ ಕರೆಯುತ್ತಿದ್ದರು. ಹೆಚ್ಚಾಗಿ ಆಗುವುದು ತೊಡೆ ಮತ್ತು ಕುಂಡಿಯ ಸ್ನಾಯುಗಳಲ್ಲಿ. ಎದೆಗೆ ಬರುವುದು ಅಪರೂಪ. ಎದೆಮೂಳೆಯ ಕೀಲಿಗೆ ಬರುವುದು ಇನ್ನೂ ಅಪರೂಪ. ಕೀಲುಗಳಲ್ಲಿ ಕೀವಾಗುವ ನೂರು ಜನರನ್ನು ತೆಗೆದುಕೊಂಡರೆ ಈ ಕೀಲಿನವರು ಒಬ್ಬರು ಸಿಕ್ಕಿದರೆ ಹೆಚ್ಚು. ಪೆಟ್ಟು ಬಿದ್ದ ಎದೆಮೂಳೆಯೊಳಗೇ ಸೋಂಕು ಸೇರುವುದೂ ಅಷ್ಟೇ ಅಪರೂಪ. ಆದ್ದರಿಂದಲೇ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ, ಹೊಳೆಯುವಷ್ಟರಲ್ಲಿ ತಡವಾಗಿರುತ್ತದೆ. ನಾವು ಇದನ್ನು ಬರೆಯುತ್ತಿರುವುದು ಹೆದರಿಸಲಿಕ್ಕೆ ಅಲ್ಲ. ಎದೆಗೆ ಪೆಟ್ಟು ತಿಂದ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಯಾವ ಔಷಧಿಯೂ ಇಲ್ಲದೆ ಚೆನ್ನಾಗಿ ಆಗುತ್ತಾರೆ. ಆಗದ ಆ ಒಂದು ಮಗುವನ್ನು ಮೊದಲು ಗುರುತಿಸಬಲ್ಲವರು ಮನೆಯಲ್ಲಿರುವ ತಾಯಿ, ಅಜ್ಜಿ, ಅಕ್ಕ. ಅಷ್ಟಕ್ಕೆ ಇಷ್ಟು ಮಾತು.

ಸಾಧಾರಣ ನೋವು ಹೇಗಿರುತ್ತದೆ, ಇದು ಹೇಗಿರುತ್ತದೆ

ಸಾಧಾರಣ ಮೂಕಪೆಟ್ಟಿನ ನೋವು ಮೊದಲ ಎರಡು ದಿನ ಜಾಸ್ತಿ, ಆಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ. ಚರ್ಮದ ಮೇಲೆ ನೀಲಿ ಕಟ್ಟಿದ್ದು ಹಸಿರಾಗಿ, ಹಳದಿಯಾಗಿ ಎರಡು ವಾರದಲ್ಲಿ ಮಾಯವಾಗುತ್ತದೆ. ಪಕ್ಕೆಲುಬು ಬಿರುಕು ಬಿಟ್ಟಿದ್ದರೆ ಸುಮಾರು ಆರು ವಾರ ಉಸಿರೆಳೆದಾಗ, ಸೀನಿದಾಗ ಚುಚ್ಚುತ್ತದೆ, ಆದರೂ ವಾರದಿಂದ ವಾರಕ್ಕೆ ಉತ್ತಮ ಆಗ್ತಾ ಹೋಗ್ತದೆ.

ಕೀವಾಗುವ ನೋವು ಹಾಗಲ್ಲ. ಇಳಿದ ಹಾಗೆ ಮಾಡಿ ತಿರುಗಿ ಏರುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ನೋವು ಹೆಚ್ಚಾಗುತ್ತಿದೆ ಅಂದರೆ ಅದು ಪೆಟ್ಟಿನ ನೋವಲ್ಲ, ಬೇರೇನೋ ಅಂತ ತಿಳಿಯಬೇಕು. ಜೊತೆಗೆ ಜ್ವರ ಬಂದರೆ ಅನುಮಾನವೇ ಬೇಡ, ಆಸ್ಪತ್ರೆಗೆ ಹೊರಡಬೇಕು. ಈ ಕಾಯಿಲೆಯ ಮೊದಲ ಒಂದೆರಡು ವಾರ ಮೇಲೆ ಏನೂ ಕಾಣದೇ ಇರಬಹುದು. ಕೆಂಪಿಲ್ಲ, ಬಾವಿಲ್ಲ, ಒತ್ತಿದರೆ ಮರದ ಹಾಗೆ ಗಟ್ಟಿ, ಅಷ್ಟೇ. ಕೀವು ಆಳದಲ್ಲಿ ದಪ್ಪ ಸ್ನಾಯುವಿನ ಅಡಿ ಇರುವುದರಿಂದ ಚರ್ಮಕ್ಕೆ ಸುದ್ದಿ ಮುಟ್ಟುವುದು ತಡ. ಆಮೇಲೆ ಬಾವು, ಬಿಸಿ, ಚಳಿಜ್ವರ. ಅಲ್ಲಿಗೂ ಬಿಟ್ಟರೆ ಕ್ರಿಮಿ ರಕ್ತದಲ್ಲೆಲ್ಲ ಹರಡಿ ಶ್ವಾಸಕೋಶ, ಮೂತ್ರಪಿಂಡ ಎಲ್ಲಕ್ಕೂ ತೊಂದರೆ, ಜೀವಕ್ಕೇ ಅಪಾಯ.

ಇನ್ನೊಂದು ಬಗೆಯೂ ಇದೆ. ಪೆಟ್ಟಿನಿಂದ ಪಕ್ಕೆಲುಬಿನ ಒಳಗಡೆ, ಶ್ವಾಸಕೋಶದ ಸುತ್ತ ರಕ್ತ ನಿಲ್ಲಬಹುದು. ಆ ರಕ್ತವನ್ನು ಹೊರತೆಗೆಯದೆ ಬಿಟ್ಟು ಅದಕ್ಕೆ ಸೋಂಕು ತಗುಲಿದರೆ ಶ್ವಾಸಕೋಶದ ಹೊದಿಕೆಯೊಳಗೆ ಕೀವು ತುಂಬುತ್ತದೆ. ಹಾಗೆಯೇ ನೋವಿಗೆ ಹೆದರಿ ಮಗು ಮೇಲೆ ಮೇಲೆ ಉಸಿರಾಡುತ್ತಾ, ಕೆಮ್ಮನ್ನು ನುಂಗಿಕೊಳ್ಳುತ್ತಾ ಮಲಗಿದರೆ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗದೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಮಕ್ಕಳ ಪಕ್ಕೆಲುಬು ಎಳೆಯ ಬಿದಿರಿನ ಹಾಗೆ ಬಾಗುತ್ತದೆ, ಮುರಿಯುವುದಿಲ್ಲ. ಆದ್ದರಿಂದ "ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ, ಏನೂ ಇಲ್ಲ" ಅಂತ ನೆಮ್ಮದಿ ಪಡುವ ಹಾಗಿಲ್ಲ. ಮೂಳೆ ಗಟ್ಟಿಯಾಗಿದ್ದು ಒಳಗಿನ ಶ್ವಾಸಕೋಶ ಜಜ್ಜಿರಬಹುದು. ಸುಮ್ಮನೆ ಕುಳಿತಿರುವಾಗಲೂ ಮಗು ಒಂದು ನಿಮಿಷಕ್ಕೆ 30ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ತುಟಿ ನೀಲಿಯಾದರೆ, ಕೆಮ್ಮಿದಾಗ ರಕ್ತ ಬಂದರೆ, ಮಂಕಾಗಿ ಮಾತು ತೊದಲಿದರೆ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಫೋನ್ ಮಾಡಿ.

ಇದನ್ನೂ ಹೇಳಿಬಿಡುತ್ತೇವೆ, ಇದು ಸೋಂಕಿನ ವಿಷಯವಲ್ಲದಿದ್ದರೂ. ಎದೆಗೆ ಚೆಂಡೋ ಮೊಣಕೈಯೋ ಬಡಿದ ಕೂಡಲೇ ಮಗು ಕುಸಿದು ಬಿದ್ದು ಉಸಿರಾಡದಿದ್ದರೆ ಹೃದಯದ ಬಡಿತವೇ ತಪ್ಪಿರಬಹುದು. ನೀರು ಚಿಮುಕಿಸುತ್ತಾ ಕೂರದೆ ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತುತ್ತಿರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಇದನ್ನು ಕೈಯಾರೆ ಮಾಡಿಯೇ ಕಲಿಯಬೇಕು. ನಿಮ್ಮ ಒಕ್ಕೂಟದಿಂದ ಕೇಳಿದರೆ ತರಬೇತಿ ಏರ್ಪಡಿಸಲು ಪ್ರಯತ್ನಿಸುತ್ತೇವೆ.

ಹುಡುಗಿಯರು ಯಾಕೆ ಹೇಳುವುದಿಲ್ಲ

ಆ ಹುಡುಗಿ ಬಾವನ್ನು ಆರು ದಿನ ಮುಚ್ಚಿಟ್ಟಿದ್ದಳು. ಆಸ್ಪತ್ರೆಯಲ್ಲಿ ನಾವು ಅವಳ ಹತ್ತಿರ ಕೂತು ಯಾಕಮ್ಮ ಅಂತ ಕೇಳಿದೆವು. ಮೊದಲು ಗೋಡೆ ಕಡೆ ತಿರುಗಿದಳು. ಸ್ವಲ್ಪ ಹೊತ್ತಿನ ಮೇಲೆ ಎರಡು ಕಾರಣ ಹೇಳಿದಳು. ಒಂದು, "ಆ ಜಾಗ ಯಾರಿಗೆ ತೋರಿಸಲಿ ಸಿಸ್ಟರ್." ಎರಡು, "ಅಮ್ಮನಿಗೆ ಹೇಳಿದ್ರೆ ಇನ್ನು ಆಡೋಕೆ ಬಿಡಲ್ಲ."

ಎರಡೂ ನಾವು ಕಲಿಸಿದ ಪಾಠವೇ ಅಲ್ಲವೇ? ಎದೆ ಅಂದರೆ ಮುಚ್ಚಿಕೊಳ್ಳಬೇಕಾದ ಜಾಗ ಅಂತ ಹತ್ತು ವರ್ಷದಿಂದ ಹೇಳಿಕೊಟ್ಟಿರುತ್ತೇವೆ. ಪೆಟ್ಟು ಬಿದ್ದಾಗ ತೋರಿಸು ಅಂತ ಒಂದು ಸಲವೂ ಹೇಳಿರುವುದಿಲ್ಲ. ಹುಡುಗರು ಅಂಗಿ ಬಿಚ್ಚಿ ಓಡಾಡುತ್ತಾರೆ, ಬಾವು ಬಂದರೆ ಊರಿಗೆಲ್ಲ ಕಾಣುತ್ತದೆ. ಹುಡುಗಿಯ ಬಾವು ಅವಳೊಬ್ಬಳಿಗೇ ಗೊತ್ತು. ತಾಯಂದಿರೇ, ಮಗಳು ಆಟದಲ್ಲಿ ಎದೆಗೆ ಪೆಟ್ಟು ತಿಂದು ಬಂದರೆ ದಿನಕ್ಕೊಮ್ಮೆ ಒಳಗೆ ಕರೆದು ನೀವೇ ನೋಡಿ, ಮುಟ್ಟಿ ನೋಡಿ. ಎರಡೂ ಕೈ ಮೇಲೆತ್ತಲು ಹೇಳಿ. ದೀರ್ಘವಾಗಿ ಉಸಿರೆಳೆಯಲು ಹೇಳಿ. ಆಸ್ಪತ್ರೆಯಲ್ಲಿ ಹೆಣ್ಣು ಡಾಕ್ಟರ್ ಇಲ್ಲದಿದ್ದರೆ ನರ್ಸ್ ಅಥವಾ ತಾಯಿ ಜೊತೆಗೆ ನಿಂತಿರಲಿ ಅಂತ ಕೇಳುವ ಹಕ್ಕು ನಿಮಗಿದೆ.

ಎರಡನೆಯ ಕಾರಣದ ಬಗ್ಗೆ ನಮಗೆ ಇನ್ನೂ ಬೇಸರವಿದೆ. ಅವಳ ಭಯ ಸುಳ್ಳೇನೂ ಆಗಿರಲಿಲ್ಲ. ಆಸ್ಪತ್ರೆಯ ಹೊರಗೆ ನಿಂತಿದ್ದ ಚಿಕ್ಕಪ್ಪ "ಹೆಣ್ಣುಮಕ್ಕಳಿಗೆ ಯಾಕೆ ಬೇಕಿತ್ತು ಕಬಡ್ಡಿ" ಅಂತ ಅವತ್ತೇ ಶುರು ಮಾಡಿದ್ದರು. 2014ರಲ್ಲಿ ಟಿವಿಯಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಗಂಡುಮಕ್ಕಳು ಬೀದಿ ಬೀದಿಯಲ್ಲಿ ಆಡುತ್ತಾರೆ, ಅವರಿಗೂ ಪೆಟ್ಟಾಗುತ್ತದೆ, ಅವರನ್ನು ಯಾರೂ ಹೀಗೆ ಕೇಳುವುದಿಲ್ಲ. ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ 2010ರಿಂದಲೂ ಇದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಬಿ. ಚೈತ್ರಾ ಇದ್ದರು, ಹಳ್ಳಿಯಿಂದ ಬಂದ ಹುಡುಗಿ. ಪೆಟ್ಟಿಗೆ ಉಪಾಯ ಆಟ ಬಿಡಿಸುವುದಲ್ಲ. ಹೇಳಿದರೆ ಆಟ ಹೋಗುತ್ತದೆ ಅಂತ ಗೊತ್ತಿರುವ ಮಗು ಯಾವತ್ತೂ ಹೇಳುವುದಿಲ್ಲ.

ಮನೆಯಲ್ಲಿ ಏನು ಮಾಡಬೇಕು, ಏನು ಬೇಡ

ಮೊದಲ ಎರಡು ದಿನ ತಣ್ಣೀರಿನ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸ್, ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ. ತಿಕ್ಕುವುದು ಬೇಡವೇ ಬೇಡ. ಹೊಸ ಪೆಟ್ಟಿಗೆ ಬಿಸಿಯೂ ಬೇಡ. ಒಡೆದ ರಕ್ತನಾಳ ಮುಚ್ಚಿಕೊಳ್ಳುವ ಹೊತ್ತಿನಲ್ಲಿ ತಿಕ್ಕಿದರೆ, ಶಾಖ ಕೊಟ್ಟರೆ ರಕ್ತ ಇನ್ನಷ್ಟು ಸೋರಿ ಇನ್ನಷ್ಟು ನಿಲ್ಲುತ್ತದೆ. ಅಜ್ಜಿಯರ ಕೈಗುಣದ ಮೇಲೆ ನಮಗೆ ಗೌರವವಿದೆ, ಬಾಣಂತಿಗೆ ಮಗುವಿಗೆ ಅವರು ಎಣ್ಣೆ ಹಚ್ಚಲಿ, ಮೂಕಪೆಟ್ಟಿಗೆ ಬೇಡ. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟುವುದೂ ತಪ್ಪು, ಉಸಿರು ಪೂರ್ತಿ ಹೋಗುವುದಿಲ್ಲ. ಬದಲಿಗೆ ಒಂದು ದಿಂಬನ್ನು ಎದೆಗೆ ಅವುಚಿಕೊಂಡು ಗಂಟೆಗೊಮ್ಮೆ ಎಂಟು ಹತ್ತು ಸಲ ದೀರ್ಘ ಉಸಿರು, ಒಂದೆರಡು ಸಲ ಕೆಮ್ಮು. ದಿಂಬು ಹಿಡಿದರೆ ಕೆಮ್ಮಿದಾಗ ನೋವು ಕಡಿಮೆ. ಬರೆ ಹಾಕಿಸುವುದು ಈಗಲೂ ಕೆಲವು ಕಡೆ ನಡೆಯುತ್ತಿದೆ. ಕ್ರಿಮಿಗೆ ನಾವೇ ಬಾಗಿಲು ತೆರೆದು ಕೊಟ್ಟ ಹಾಗೆ ಅದು.

ಮೆಡಿಕಲ್ ಶಾಪಿನ ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನೋವಿನ ಮಾತ್ರೆ ನೋವನ್ನೂ ಇಳಿಸುತ್ತದೆ, ಜ್ವರವನ್ನೂ ಇಳಿಸುತ್ತದೆ. ಒಳಗೆ ಕೀವು ಬೆಳೆಯುತ್ತಿರುತ್ತದೆ, ಹೊರಗೆ ಮಗು ಚೆನ್ನಾಗಿ ಕಾಣುತ್ತದೆ. ಮೊದಲ ಒಂದೆರಡು ದಿನ ಪ್ಯಾರಾಸಿಟಮಾಲ್ ಕೊಟ್ಟರೆ ತೊಂದರೆಯಿಲ್ಲ. ವಾರ ಕಳೆದರೂ ಮಾತ್ರೆ ಇಲ್ಲದೆ ಆಗುವುದಿಲ್ಲ ಅನ್ನುವ ಸ್ಥಿತಿ ಇದ್ದರೆ ಮಾತ್ರೆ ಬದಲಿಸುವುದಲ್ಲ, ಡಾಕ್ಟರಿಗೆ ತೋರಿಸುವುದು. ಬೇಗ ಗುಣವಾಗಲಿ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಹಾಕುವವರೂ ಇದ್ದಾರೆ. ಅದು ಮೈಯ ಹೋರಾಡುವ ಶಕ್ತಿಯನ್ನೇ ತಗ್ಗಿಸುತ್ತದೆ. ಯಾವ ಇಂಜೆಕ್ಷನ್ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಮೂರು ದಿನದ ಆಂಟಿಬಯೋಟಿಕ್ ಕತೆಯೂ ಇಷ್ಟೇ. ಅರ್ಧ ಕೋರ್ಸು ಕ್ರಿಮಿಯನ್ನು ಕೊಲ್ಲದೆ ಬರೀ ಕೆಣಕುತ್ತದೆ. ಈ ದ್ರಾಕ್ಷಿ ಗೊಂಚಲಿನ ಕ್ರಿಮಿ ಔಷಧಿಗೆ ಜಗ್ಗದ ರೂಪ ತಾಳುವುದರಲ್ಲಿ ಬಹಳ ಜಾಣ. ಮೆಥಿಸಿಲಿನ್ ಎಂಬ ಔಷಧಿಗೆ ಬಗ್ಗದ ತಳಿ 1961ರಲ್ಲೇ ಇಂಗ್ಲೆಂಡಿನಲ್ಲಿ ಸಿಕ್ಕಿತ್ತು, ಇವತ್ತು ನಮ್ಮ ಆಸ್ಪತ್ರೆಗಳಲ್ಲೂ ಇದೆ. ಆದ್ದರಿಂದ ದೊಡ್ಡಾಸ್ಪತ್ರೆಯಲ್ಲಿ ಔಷಧಿ ಶುರು ಮಾಡುವ ಮುಂಚೆ ರಕ್ತವನ್ನೋ ಕೀವನ್ನೋ ಕಲ್ಚರ್ ಪರೀಕ್ಷೆಗೆ ಕಳಿಸುತ್ತಾರೆ. ಯಾವ ಕ್ರಿಮಿ, ಯಾವ ಔಷಧಿಗೆ ಸಾಯುತ್ತದೆ ಅಂತ ಅದರಿಂದ ತಿಳಿಯುತ್ತದೆ. ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. "ಇನ್ನೂ ರಿಪೋರ್ಟೇ ಬಂದಿಲ್ಲ" ಅಂತ ಸಿಡುಕಬೇಡಿ, ಕ್ರಿಮಿ ಬೆಳೆಯಲು ಅಷ್ಟು ಸಮಯ ಬೇಕೇ ಬೇಕು. ಆ ನಡುವೆ ಅವರು ಅಂದಾಜಿನ ಔಷಧಿ ಕೊಡುತ್ತಲೇ ಇರುತ್ತಾರೆ.

ಮೈಮೇಲಿನ ಕುರುವನ್ನು ಹಿಸುಕಬೇಡಿ. ತೊಳೆದು ಮುಚ್ಚಿ, ದೊಡ್ಡದಾದರೆ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಮಕ್ಕಳ ಉಗುರು ಕತ್ತರಿಸಿ. ತಂಡದ ಮಕ್ಕಳೆಲ್ಲ ಒಂದೇ ಟವೆಲ್‌ನಲ್ಲಿ ಬೆವರು ಒರೆಸಿಕೊಳ್ಳುವುದು, ಒಬ್ಬರ ಜೆರ್ಸಿ ಇನ್ನೊಬ್ಬರು ಒಗೆಯದೆ ಹಾಕಿಕೊಳ್ಳುವುದು ಶಾಲೆಗಳಲ್ಲಿ ಮಾಮೂಲು. ಎಸ್‌ಡಿಎಂಸಿಯಲ್ಲಿ ಇರುವ ನಮ್ಮ ಸದಸ್ಯೆಯರು ಇದನ್ನು ಪಿ.ಟಿ. ಮಾಸ್ತರರ ಕಿವಿಗೆ ಹಾಕಬಹುದು.

ಆಸ್ಪತ್ರೆಯಲ್ಲಿ

ಒಂದು ಚೀಟಿ ಬರೆದುಕೊಂಡು ಹೋಗಿ: ಪೆಟ್ಟು ಬಿದ್ದ ದಿನ, ಯಾವ ಜಾಗ, ಜ್ವರ ಶುರುವಾದ ದಿನ, ಮೈಮೇಲೆ ಕುರು ಹುಣ್ಣು ಇತ್ತೇ, ಇದುವರೆಗೆ ತೆಗೆದುಕೊಂಡ ಮಾತ್ರೆ. ಮಾತ್ರೆಯ ಖಾಲಿ ಹಾಳೆಯನ್ನೂ ಎಸೆಯದೆ ಒಯ್ಯಿರಿ. ಡಾಕ್ಟರ್ ಕೇಳದಿದ್ದರೂ ನೀವಾಗಿ ಹೇಳಿ. "ಪೆಟ್ಟು ಬಿದ್ದ ಜಾಗದಲ್ಲೇ ನೋವು ಹೆಚ್ಚಾಗ್ತಿದೆ, ಜ್ವರಾನೂ ಇದೆ." ಈ ಒಂದು ವಾಕ್ಯ ಸಾಕು, ಅವರ ಯೋಚನೆಯ ದಾರಿಯೇ ಬದಲಾಗುತ್ತದೆ. ನಮ್ಮ ಹುಡುಗಿಯ ವಿಷಯದಲ್ಲಿ ಆ ವಾಕ್ಯ ಐದು ದಿನ ಮುಂಚೆ ಯಾರ ಬಾಯಲ್ಲೂ ಬರಲಿಲ್ಲ. ನಮ್ಮದೂ ಸ್ವಲ್ಪ ತಪ್ಪಿದೆ. ಆ ವಾರದ ಸಂಘದ ಸಭೆಗೆ ತಾಯಿ ಬಂದಿದ್ದರು, ಮಗಳಿಗೆ ಜ್ವರ ಅಂತ ಹೇಳಿದ್ದರು. ನಾವು ಡೆಂಗ್ಯೂ ಪರೀಕ್ಷೆ ಮಾಡಿಸಿ ಅಂತ ಹೇಳಿ ಪುಸ್ತಕಕ್ಕೆ ಸಹಿ ಹಾಕಿ ಮುಂದೆ ಹೋದೆವು.

ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳು ಏರಿವೆಯೇ, ಇಎಸ್‌ಆರ್, ಸಿಆರ್‌ಪಿ ಎಷ್ಟಿದೆ ನೋಡುತ್ತಾರೆ. ಎಕ್ಸ್‌ರೇ ತೆಗೆಯುತ್ತಾರೆ, ಮೂಳೆಯ ಸೋಂಕು ಎಕ್ಸ್‌ರೇಯಲ್ಲಿ ಕಾಣಲು ಎರಡು ವಾರವಾದರೂ ಬೇಕು, ಆದ್ದರಿಂದ ಮೊದಲ ಎಕ್ಸ್‌ರೇ ಸರಿ ಇದ್ದರೂ ತೊಂದರೆ ಮುಂದುವರಿದರೆ ಮತ್ತೆ ಹೋಗಬೇಕು. ಹೊಟ್ಟೆಗೆ ಮಾಡುವ ಅಲ್ಟ್ರಾಸೌಂಡನ್ನೇ ಎದೆಯ ಮೇಲಿಟ್ಟು ಕೀವು ಇದೆಯೇ ಅಂತ ಹೇಳಬಹುದು. ಬೇಕಾದರೆ ಸಿಟಿ ಅಥವಾ ಎಂಆರ್‌ಐ. ಕೀವು ಕಟ್ಟುವ ಮುಂಚೆಯೇ ಹೋದರೆ ಬಹಳ ಸಲ ಬರೀ ಇಂಜೆಕ್ಷನ್‌ನಲ್ಲಿ ಗುಣವಾಗುತ್ತದೆ. ಕಟ್ಟಿದ ಮೇಲೆ ಸೂಜಿಯಿಂದಲೋ, ಕೊಯ್ದೋ, ಎದೆಯೊಳಗಾದರೆ ಪೈಪ್ ಹಾಕಿಯೋ ಹೊರತೆಗೆಯಲೇ ಬೇಕು. ಕೀವಿನ ಚೀಲದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಕೊಯ್ಯುವುದಕ್ಕೆ ಹೆದರಿ ಮಗುವನ್ನು ಮನೆಗೆ ಕರೆದುಕೊಂಡು ಹೋಗಬೇಡಿ ಅಂತ ಕೈಮುಗಿದು ಹೇಳುತ್ತೇವೆ. ಮೂಳೆಗೆ ಕೀಲಿಗೆ ಸೋಂಕು ತಗುಲಿದ್ದರೆ ಔಷಧಿ ನಾಲ್ಕರಿಂದ ಆರು ವಾರ ನಡೆಯುತ್ತದೆ. ಎರಡನೇ ವಾರಕ್ಕೇ ಮಗು ನಗುತ್ತಾ ಓಡಾಡುತ್ತದೆ, ಮಾತ್ರೆ ನಿಲ್ಲಿಸುವ ಆಸೆ ಆಗುತ್ತದೆ. ನಿಲ್ಲಿಸಬಾರದು.

ಇಲ್ಲೇ ಇನ್ನೊಂದು ಮಾತು. ಎಲ್ಲ ಬಾವೂ ಈ ಕ್ರಿಮಿಯದ್ದಲ್ಲ. ಕ್ರಿಕೆಟ್ ಆಡುವ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಎದೆಮೂಳೆಯ ಪಕ್ಕ ಎರಡು ತಿಂಗಳಿಂದ ಬಾವು. ಕಾರ್ಕ್ ಬಾಲ್ ಬಡಿದದ್ದು ಅಂತ ಎಲ್ಲರೂ ತಿಳಿದಿದ್ದರು. ಅದು ಬಿಸಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ, ಜಾಸ್ತಿ ನೋವೂ ಇರಲಿಲ್ಲ. ಸಂಜೆ ಸ್ವಲ್ಪ ಮೈ ಬೆಚ್ಚಗೆ, ತೂಕ ಇಳಿದಿತ್ತು. ಪರೀಕ್ಷೆಯಲ್ಲಿ ಕ್ಷಯ ಅಂತ ಬಂತು. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಅನ್ನುವುದು ತಪ್ಪು ತಿಳುವಳಿಕೆ, ಪಕ್ಕೆಲುಬಿಗೆ ಎದೆಮೂಳೆಗೂ ಬರುತ್ತದೆ, ತಣ್ಣನೆಯ ಬಾವಾಗಿ. ಪೆಟ್ಟಿನ ನೆನಪು ಇರುವುದರಿಂದ ಎಲ್ಲರೂ ಪೆಟ್ಟನ್ನೇ ದೂರುತ್ತಾರೆ. ಕ್ಷಯಕ್ಕೆ ಪರೀಕ್ಷೆ, ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಹಣ ಬ್ಯಾಂಕ್ ಖಾತೆಗೆ ಬರುತ್ತದೆ, ಪಾಸ್‌ಪುಸ್ತಕದ ಪ್ರತಿ ಕೊಡಲು ಮರೆಯಬೇಡಿ.

ಖರ್ಚಿನ ಲೆಕ್ಕ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಮಗುವಿನ ಆಧಾರ್ ಎರಡೂ ಬೇಕು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಬರೆದುಕೊಡುತ್ತಾರೆ. ನೇರವಾಗಿ ಖಾಸಗಿಗೆ ಹೋಗಿ ಆಮೇಲೆ ಚೀಟಿಗೆ ಓಡಾಡಿದವರ ಪಾಡು ನಿಮಗೆ ಗೊತ್ತೇ ಇದೆ. ಬಹಳ ಮಕ್ಕಳ ಹೆಸರು ರೇಷನ್ ಕಾರ್ಡಿಗೆ ಇನ್ನೂ ಸೇರಿಲ್ಲ. ಇದನ್ನು ಓದಿದ ವಾರವೇ ತೆಗೆದು ನೋಡಿ.

ಯೋಜನೆ ಆಸ್ಪತ್ರೆಯ ಬಿಲ್ ಕಟ್ಟುತ್ತದೆ, ತಾಯಿಯ ಕೂಲಿ ಕಟ್ಟುವುದಿಲ್ಲ. ಆ ಹುಡುಗಿ ಮೂರು ವಾರ ಆಸ್ಪತ್ರೆಯಲ್ಲಿದ್ದಳು. ಅಷ್ಟು ದಿನ ತಾಯಿಗೆ ಕೆಲಸವಿಲ್ಲ, ಬಸ್ ಚಾರ್ಜು, ಊಟ, ಮನೆಯಲ್ಲಿ ಇನ್ನೊಂದು ಸಣ್ಣ ಮಗು. ಸಂಘದವರು ತುರ್ತು ಸಭೆ ಕರೆದು 10,000 ರೂಪಾಯಿ ಸಾಲ ಕೊಟ್ಟರು, ಮೂರು ತಿಂಗಳು ಕಂತು ಮುಂದೂಡಿದರು. ನಿಯಮದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಖಜಾಂಚಿ ಗೊಣಗಿದರು, ಸರಿಯಾಗಿಯೇ ಗೊಣಗಿದರು, ಮುಂದೆ ಎಲ್ಲರೂ ಇದನ್ನೇ ಕೇಳಿದರೆ ಅಂತ. ಆಮೇಲೆ ನಿಯಮವನ್ನೇ ತಿದ್ದಿ ಆರೋಗ್ಯದ ತುರ್ತಿಗೆ ಬೇರೆ ಹಣ ಇಡಲು ತೀರ್ಮಾನ ಬರೆದರು. ತಲಾ ತಿಂಗಳಿಗೆ 10 ರೂಪಾಯಿ. ನಿಮ್ಮ ಸಂಘದಲ್ಲಿ ಇಲ್ಲದಿದ್ದರೆ ಮುಂದಿನ ಸಭೆಯ ಅಜೆಂಡಾದಲ್ಲಿ ಹಾಕಿ.

ಮತ್ತೆ ಯಾವಾಗ ಆಡಬಹುದು ಅಂತ ಆ ಹುಡುಗಿ ಡಾಕ್ಟರನ್ನು ಪ್ರತಿದಿನ ರೌಂಡ್ಸಿಗೆ ಬಂದಾಗ ಕೇಳುತ್ತಿದ್ದಳು. ಔಷಧಿ ಪೂರ್ತಿ ಮುಗಿದು, ರಕ್ತ ಪರೀಕ್ಷೆ ಸರಿ ಬಂದು, ಕೈ ನೋವಿಲ್ಲದೆ ಪೂರ್ತಿ ಮೇಲೆತ್ತಲು ಬಂದ ಮೇಲೆ ನಿಧಾನವಾಗಿ ಓಟ. ಹಿಡಿಯುವ, ಬೀಳುವ ಆಟ ಅದಕ್ಕೂ ಆಮೇಲೆ ಅಂದರು. ಐದು ತಿಂಗಳು ಹಿಡಿಯಿತು. ಅಷ್ಟು ದಿನ ಅಂಕಣದ ಪಕ್ಕ ಕೂತು ಪಾಯಿಂಟ್ ಬರೆಯುತ್ತಿದ್ದಳು. ಮುಂದಿನ ವರ್ಷದ ಹೋಬಳಿ ಕ್ರೀಡಾಕೂಟಕ್ಕೆ ಅವಳ ಜೊತೆ ತಾಯಿಯೂ ಹೋದರು. ಚೀಲದಲ್ಲಿ ಬಟ್ಟೆ ಸುತ್ತಿದ ಐಸ್ ಡಬ್ಬಿ ಇತ್ತು. ಚಿಕ್ಕಪ್ಪ ಬರಲಿಲ್ಲ.